ಅಜ್ಜಯ್ಯನಿಗೆ ಉಪವಾಸ ಬೇಡ ಅಪ್ಪ

ಟೋಕಿಯೋ

ಪ್ರೀತಿಯ ಅಪ್ಪ, ಅಮ್ಮನಿಗೆ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಮೂಡಿಗೆರೆ ಕಡೆ ಮಳೆ ಜೋರಂತೆ, ತೋಟಕ್ಕೆ ಬೋರ್ಡೋ ಔಷಧಿ ಹೊಡೆದಾಯಿತಾ?

ಅಪ್ಪ, ನೀವು ಕಳಿಸಿದ ವಿಡಿಯೋ ನೋಡಿದೆ. ಉಪವಾಸ ಮಾಡಿದರೆ ಮೆದುಳಿನ ಕಸವೆಲ್ಲ ಹೋಗಿ ಪಾರ್ಕಿನ್ಸನ್ ಕಡಿಮೆಯಾಗುತ್ತದೆ ಅಂತ ಅದರಲ್ಲಿದೆ. ಅಜ್ಜಯ್ಯನಿಗೆ ರಾತ್ರಿ ಊಟ ಬಿಡಿಸೋಣವಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಫೋನಿನಲ್ಲಿ ಮಾತು ಅರ್ಧಕ್ಕೇ ನಿಲ್ಲುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ವಿಡಿಯೋದವರು ಹೇಳುವ ಆಟೋಫಜಿ, ಅಂದರೆ ಜೀವಕೋಶ ತನ್ನ ಕಸವನ್ನು ತಾನೇ ಕರಗಿಸಿಕೊಳ್ಳುವುದು, ನಿಜವೇ. ನನ್ನ ಕೆಲಸವೇ ಅದು. ಜೀವಕೋಶದೊಳಗೆ ಪ್ರೋಟೀನ್‌ಗಳು ಕೆಡುತ್ತಲೇ ಇರುತ್ತವೆ. ಬಿಡಿಯಾಗಿದ್ದರೆ ಪ್ರೋಟಿಯಾಸೋಮ್ ಎಂಬ ಕೋಶದ ಯಂತ್ರ ಅವನ್ನು ಕತ್ತರಿಸಿ ಹಾಕುತ್ತದೆ. ಆದರೆ ಅದರ ಬಾಯಿ ಕಿರಿದು, ಅಂಟಿಕೊಂಡು ಗಂಟಾದ ಪ್ರೋಟೀನ್ ಅಲ್ಲಿ ತೂರುವುದಿಲ್ಲ. ಆ ಗಂಟಿನ ಮೇಲೆ ಯುಬಿಕ್ವಿಟಿನ್ ಎಂಬ ಗುರುತು ಬೀಳುತ್ತದೆ. ಪಿ62 ಎಂಬ ಪ್ರೋಟೀನ್ ಒಂದು ಕಡೆ ಆ ಗುರುತನ್ನೂ ಇನ್ನೊಂದು ಕಡೆ ಎಲ್‌ಸಿ3 ಎಂಬ ಪ್ರೋಟೀನನ್ನೂ ಹಿಡಿಯುತ್ತದೆ. ಎಲ್‌ಸಿ3 ಇರುವುದು ಬೆಳೆಯುತ್ತಿರುವ ಪೊರೆಯ ಮೇಲೆ. ಪೊರೆ ಗಂಟನ್ನು ಸುತ್ತಿಕೊಂಡು ಎರಡು ಪದರದ ಚೀಲವಾಗಿ ಮುಚ್ಚಿಕೊಳ್ಳುತ್ತದೆ. ಚೀಲವು ಕಸ ಕರಗಿಸುವ ಜಾಗವಾದ ಲೈಸೋಸೋಮ್ ಜೊತೆ ಕೂಡಿಕೊಂಡ ಮೇಲೆ ಅಲ್ಲಿನ ಕಿಣ್ವಗಳು ಒಳಗಿದ್ದದ್ದನ್ನು ಕರಗಿಸುತ್ತವೆ. ಉಳಿದ ಅಮೈನೋ ಆಮ್ಲ ಹೊಸ ಪ್ರೋಟೀನ್‌ಗೆ ಹೋಗುತ್ತದೆ. ನಮ್ಮ ತೋಟದ ದರಗು ಕೊಳೆತು ಕಾಫಿ ಗಿಡಕ್ಕೇ ಗೊಬ್ಬರವಾಗುತ್ತದಲ್ಲ, ಹಾಗೆ.

ಎಲ್‌ಸಿ3ಗೆ ಹಸಿರು ಹೊಳೆಯುವ ಪ್ರೋಟೀನ್ ಜೋಡಿಸಿ, ಕೋಶಗಳನ್ನು ಒಂದೆರಡು ಗಂಟೆ ಉಪವಾಸ ಕೆಡವುತ್ತೇವೆ. ಮೈಕ್ರೋಸ್ಕೋಪಿನಲ್ಲಿ ಮಬ್ಬು ಹಸಿರಿನ ನಡುವೆ ಚುಕ್ಕಿಗಳು ಒಂದೊಂದಾಗಿ ಎದ್ದು ಕಾಣುತ್ತವೆ. ಒಂದೊಂದು ಚುಕ್ಕಿಯೂ ಒಂದು ಚೀಲ. ಎಷ್ಟು ನೋಡಿದರೂ ನನಗೆ ಸಾಕಾಗುವುದಿಲ್ಲ! ಇದೇ ಊರಿನಲ್ಲಿ ಯೊಶಿನೊರಿ ಒಸುಮಿ ಅವರು ಯೀಸ್ಟನ್ನು ಹೀಗೇ ಉಪವಾಸ ಕೆಡವಿ ಇದರ ಜೀನ್‌ಗಳನ್ನು ಹುಡುಕಿದರು. 2016ರಲ್ಲಿ ಅವರಿಗೆ ನೊಬೆಲ್ ಬಂತು. ನರಕೋಶಗಳಲ್ಲಿ ಮಾತ್ರ ಈ ಜೀನ್‌ಗಳಲ್ಲಿ ಒಂದನ್ನು ತೆಗೆದ ಇಲಿಗಳ ಮೆದುಳಿನಲ್ಲಿ ಗಂಟು ತುಂಬಿ ನಡಿಗೆ ತಪ್ಪಿದ್ದನ್ನು 2006ರಲ್ಲಿ ಜಪಾನಿನವರೇ ತೋರಿಸಿದರು.

ಹಾಗಾದರೆ ಉಪವಾಸ ಒಳ್ಳೆಯದೇ ಅಲ್ವಾ ಅನ್ನುತ್ತೀರಿ. ತಟ್ಟೆಯಲ್ಲಿರುವ ಕೋಶ ಬೇರೆ, ಅಜ್ಜಯ್ಯ ಬೇರೆ. ಪಾರ್ಕಿನ್ಸನ್‌ನಲ್ಲಿ ಗಂಟಾಗುವುದು ಆಲ್ಫಾ ಸಿನ್ಯೂಕ್ಲಿನ್ ಎಂಬ ಪ್ರೋಟೀನ್. ಕೆಲವು ರೋಗಿಗಳಲ್ಲಿ ಲೈಸೋಸೋಮ್‌ನ ಒಂದು ಕಿಣ್ವದ ಜೀನೇ ಕೆಟ್ಟಿರುತ್ತದೆ. ಕರಗಿಸುವ ಜಾಗದಲ್ಲೇ ತೊಂದರೆ ಇದ್ದರೆ ಚೀಲ ಜಾಸ್ತಿ ಮಾಡಿ ಏನು ಪ್ರಯೋಜನ? ಉಪವಾಸದಿಂದ ಮನುಷ್ಯರ ಪಾರ್ಕಿನ್ಸನ್ ಕಡಿಮೆಯಾಯಿತು ಅಂತ ಯಾರೂ ಸಾಬೀತು ಮಾಡಿಲ್ಲ. ಅಜ್ಜಯ್ಯ ಈಗಾಗಲೇ ಇಳಿದುಹೋಗಿದ್ದಾರೆ. ಹೊಟ್ಟೆ ಖಾಲಿ ಇಟ್ಟರೆ ನಿತ್ರಾಣವಾಗಿ ಮತ್ತೆ ಬಿದ್ದರೆ?

ಮಾಡುವುದಾದರೆ ಇದೊಂದು ಮಾಡಿ. ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ಮಾತ್ರೆ ಬೇಳೆ, ಮೊಸರು, ಮೊಟ್ಟೆಯಂಥ ಊಟದ ಜೊತೆ ಹೋದರೆ ಸರಿಯಾಗಿ ಮೈಗೆ ಹಿಡಿಯುವುದಿಲ್ಲ. ಊಟಕ್ಕೆ ಎಷ್ಟು ಹೊತ್ತು ಮುಂಚೆ ಕೊಡಬೇಕು ಅಂತ ಡಾಕ್ಟರ ಹತ್ತಿರ ಬರೆಸಿಕೊಂಡು ಬನ್ನಿ. ಆ ಚೀಟಿಯ ಫೋಟೋ ನನಗೂ ಕಳಿಸಿ.

ನಿಮ್ಮ ಮಗಳು