ಭಾನುವಾರದ ಓದುಕೂಟ: ಕ್ವಾಂಟಮ್ ಚುಕ್ಕೆಗಳು

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 10ಕ್ಕೆ ನಮ್ಮ ವಿಜ್ಞಾನ ಓದುಕೂಟ ಎಂದಿನಂತೆ ಗ್ರಂಥಾಲಯದ ಮಹಡಿಯಲ್ಲಿ ಸೇರುತ್ತದೆ. ವಿಷಯ, 2023ರ ರಸಾಯನಶಾಸ್ತ್ರ ನೊಬೆಲ್ ಪಡೆದ ಬವೆಂಡಿ, ಬ್ರೂಸ್, ಎಕಿಮೋವ್ ಅವರ ಕ್ವಾಂಟಮ್ ಚುಕ್ಕೆಗಳು, ಅಂದರೆ ಕೆಲವೇ ನ್ಯಾನೊಮೀಟರ್ (ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ) ಗಾತ್ರದ ಹರಳು ಕಣಗಳು.

ವಸ್ತು ಅದೇ ಕ್ಯಾಡ್ಮಿಯಂ ಸೆಲೆನೈಡ್. ಆದರೆ ಸುಮಾರು 2 ನ್ಯಾನೊಮೀಟರ್ ಕಣ ನೀಲಿಯಾಗಿ, 6 ನ್ಯಾನೊಮೀಟರ್ ಕಣ ಕೆಂಪಾಗಿ ಹೊಳೆಯುತ್ತದೆ. ಗಾತ್ರವೇ ಬಣ್ಣವನ್ನು ನಿರ್ಧರಿಸುತ್ತದೆ ಎಂಬುದು ಎಷ್ಟು ಸಲ ಓದಿದರೂ ನನಗೆ ಬೆರಗು. ಗರ್ಭಪರೀಕ್ಷೆಯ ಪಟ್ಟಿಯ ಕೆಂಪು ಗೆರೆ ಸಾಮಾನ್ಯವಾಗಿ ಚಿನ್ನದ ನ್ಯಾನೊ ಕಣಗಳದು; ಅದನ್ನೂ ಚರ್ಚಿಸೋಣ.

ಪ್ರೌಢಶಾಲೆಯ ಮಕ್ಕಳನ್ನು ತಪ್ಪದೆ ಕರೆತನ್ನಿ. ಅರಿಶಿನದ ದ್ರಾವಣ ಹೊಳೆಯುವುದನ್ನು ಅವರಿಗೆ ತೋರಿಸಲು ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚ್ ಬೇಕು. ಯಾರ ಬಳಿ ಇದೆ, ದಯವಿಟ್ಟು ತಿಳಿಸಿ. ಕುರ್ಚಿಗಳಿರುವುದು 25, ಆದ್ದರಿಂದ ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲಿಯೇ ಹೆಸರು ಬರೆಯಿರಿ.