ಆ ಮತ ಹಾಕಿದವರನ್ನು ಎಲ್ಲಿ ಬಿಟ್ಟೆ?

ಪ್ರೀತಿಯ ತಮ್ಮ,

ನ್ಯೂಯಾರ್ಕ್ ನಗರದ ದುಡ್ಡು ನುಂಗಿದ ರಾಜಕಾರಣಿ ವಿಲಿಯಂ ಟ್ವೀಡ್ ಬಗ್ಗೆ ನೀನು ಬರೆದ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಕಾಗುಣಿತ, ಅಧ್ಯಾಯಗಳ ಉದ್ದ ಎಲ್ಲ ಆಮೇಲಿನ ಮಾತು. ಬರೆಯುವುದನ್ನು ಬಿಟ್ಟುಬಿಡಲಾ ಅಂತ ಕೇಳಿದ್ದೀಯ. ಬಿಡಬೇಡ. ಅವನ ಗುಂಪು ದುಡ್ಡು ಹೊಡೆದ ಆ ಕೋರ್ಟ್ ಕಟ್ಟಡದ ಬಿಲ್ಲುಗಳನ್ನು ಓದುತ್ತ ಕೂತು ನನ್ನ ಕಾಫಿ ಆರಿಹೋಯಿತು. ಎರಡು ದಿನದ ಗಾರೆ ಕೆಲಸಕ್ಕೆ 1,33,187 ಡಾಲರ್! ಪಕ್ಕದಲ್ಲಿ ಒಂದು ಬೈಗುಳವನ್ನೂ ಹಾಕದೆ ನೀನು ಮುಂದಿನ ಬಿಲ್ಲಿಗೆ ಹೋಗಿದ್ದೀಯ. ಹಾಗೆ ಬರೆಯಲು ನನಗೆ ಇಪ್ಪತ್ತು ವರ್ಷ ಹಿಡಿಯಿತು.

ಆದರೆ ಟ್ವೀಡ್ ಬಂದ ಕಡೆಯೆಲ್ಲ ನಿನ್ನ ಕೈ ಜಾರುತ್ತದೆ. ಡೊಳ್ಳು ಹೊಟ್ಟೆ, ವಜ್ರದ ಪಿನ್ನು, ಹಣದ ಚೀಲ: ಇವೆಲ್ಲ ಥಾಮಸ್ ನಾಸ್ಟ್‌ನ ವ್ಯಂಗ್ಯಚಿತ್ರಗಳಿಂದ ಎತ್ತಿಕೊಂಡದ್ದು. ನಾಸ್ಟ್‌ಗೆ ಇದ್ದದ್ದು ಒಂದು ಪುಟ. ನಿನಗೆ ಮುನ್ನೂರು ಪುಟ ಇದೆ, ಮಾರಾಯ! ತನ್ನ ವಾರ್ಡಿನ ಬಡವರಿಗೆ ಟ್ವೀಡ್ ಕೊಟ್ಟ 50,000 ಡಾಲರ್ ಎಲ್ಲಿ? 1871ರ ಜುಲೈನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಈ ಲೂಟಿಯ ಲೆಕ್ಕಪತ್ರ ಅಚ್ಚು ಹಾಕಿತು. ನವೆಂಬರಿನಲ್ಲಿ ಅದೇ ಜನ ಅವನನ್ನೇ ಮತ್ತೆ ರಾಜ್ಯದ ಸೆನೆಟ್ಟಿಗೆ ಗೆಲ್ಲಿಸಿದರು. ಅವರು ದಡ್ಡರು ಅಂತ ಎರಡು ಸಾಲಿನಲ್ಲಿ ಮುಗಿಸಿದ್ದೀಯ. ಇಲ್ಲೇ ನನಗೆ ಸಿಟ್ಟು ಬಂದದ್ದು.

ಯಾಕೆಂದರೆ ಆ ತಪ್ಪು ನನ್ನದೂ ಹೌದು. ನಮ್ಮ ತಾಲ್ಲೂಕಿನ ಕಂತ್ರಾಟುದಾರನೊಬ್ಬ ಶಾಲೆಯ ಚಾವಣಿ ದುಡ್ಡು ನುಂಗಿದ್ದನ್ನು ಬರೆಯಲು ಹಳ್ಳಿಗೆ ಹೋಗಿದ್ದೆ. ಜಗಲಿ ಮೇಲೆ ಕೂತ ಅಜ್ಜಿ ತಲೆ ಎತ್ತಿ ತನ್ನ ಮಾಡು ತೋರಿಸಿದಳು: "ಮಳೆಗಾಲದಲ್ಲಿ ಈ ಶೀಟು ಹಾಕಿಸಿಕೊಟ್ಟೋನು ಅವನೇ ಕಣಪ್ಪ." ನೋಟುಬುಕ್ಕಿನಲ್ಲಿ ಬರೆದುಕೊಂಡೆ, ಲೇಖನದಲ್ಲಿ ಬಿಟ್ಟೆ. ಕಥೆ ಕೆಡುತ್ತದೆ ಅನ್ನಿಸಿತು. ಪತ್ರಿಕೆ ಬಂದ ದಿನ ಹೋಟೆಲಿನವನು ಅದನ್ನು ಮಡಚಿಟ್ಟು, "ಅಜ್ಜಿ ಹೇಳಿದ್ದು ಎಲ್ಲಿ ಸಾರ್?" ಅಂದ. ಉಳಿದದ್ದನ್ನೂ ಅವರು ನಂಬಲಿಲ್ಲ.

1875ರ ಡಿಸೆಂಬರಿನಲ್ಲಿ ಜೈಲಿನಿಂದ ಮನೆಯವರನ್ನು ನೋಡಲು ಕರೆದೊಯ್ದಾಗ ಟ್ವೀಡ್ ತಪ್ಪಿಸಿಕೊಂಡದ್ದು, ಫ್ಲಾರಿಡಾ, ಕ್ಯೂಬಾ, ಕೊನೆಗೆ ಸ್ಪೇನಿನ ವೀಗೊದಲ್ಲಿ ನಾಸ್ಟ್‌ನ ಚಿತ್ರದಿಂದಲೇ ಗುರುತು ಸಿಕ್ಕಿದ್ದು, ಇದಕ್ಕೆ ನಲವತ್ತು ಪುಟ. ಬಿಡುಗಡೆಯ ಆಸೆಗೆ 1877ರಲ್ಲಿ ಎಲ್ಲವನ್ನೂ ಒಪ್ಪಿಕೊಂಡು, ಬಿಡುಗಡೆಯಾಗದೆ, 1878ರ ಏಪ್ರಿಲಿನಲ್ಲಿ ಲಡ್ಲೋ ಸ್ಟ್ರೀಟ್ ಜೈಲಿನಲ್ಲೇ ಸತ್ತದ್ದಕ್ಕೆ ಅರ್ಧ ಪುಟ. ಓಡಿದ್ದನ್ನು ಕಡಿಮೆ ಮಾಡು, ಜೈಲಿನಲ್ಲಿ ಅವನ ಜೊತೆ ಸ್ವಲ್ಪ ಹೊತ್ತು ಕೂರು.

ಮೊದಲು ಆ ವಾರ್ಡಿನ ಜನರ ಅಧ್ಯಾಯ ಬರೆ. ದೀಪಾವಳಿಯೊಳಗೆ ಕಳಿಸು, ಕಾಯುತ್ತಿರುತ್ತೇನೆ.

ನಿನ್ನ ಅಣ್ಣ