ಕಿಟೆಲ್ ನಿಘಂಟು ತೆರೆದು ಕೂತವರಿಗೆ ಥ್ಯಾಂಕ್ಸ್

ಕಾಸರಗೋಡಿನ ಲೈಬ್ರರೀಲಿ ಪಕ್ಕದ ಕುರ್ಚಿಲಿ ಕೂತಿದ್ದ ಹಿರಿಯರೇ, ನಿಮ್ಮ ಹೆಸರು ಕೇಳ್ಲಿಲ್ಲ, ಆದ್ರೂ ಇದು ನಿಮಗೆ ತಲುಪ್ಲಿ. ಚಾವಿ, ಅನಾನಸು ಅಂತ ಪೋರ್ಚುಗೀಸರ ಹಡಗಲ್ಲಿ ಬಂದ ಪದಗಳ ಮೇಲೆ ಕವನ ಬರೀತಿದ್ದೆ, ಸಾಲೆಲ್ಲ ಬರೀ ಮಾಹಿತಿ ಆಗ್ತಿತ್ತು. ನೀವು 1894ರ ಕಿಟೆಲ್ ಕನ್ನಡ-ಇಂಗ್ಲಿಷ್ ನಿಘಂಟು ಎಳ್ಕೊಂಡು, ಉಗುರಿನ ತುದೀಲಿ ಒಂದೊಂದೇ ಪದ ತೋರಿಸ್ತಾ, ಅನಾನಸು ದಕ್ಷಿಣ ಅಮೆರಿಕದ ಮೂಲನಿವಾಸಿಗಳ ನುಡಿಯಿಂದ ಹೊರಟು ಹಣ್ಣೂ ಹೆಸರೂ ಒಟ್ಟಿಗೇ ನಮ್ಮ ಕರಾವಳೀಲಿ ಇಳಿದದ್ದನ್ನ ಎಷ್ಟು ಚಂದ ಹೇಳಿದ್ರಿ ಮಾರಾಯ್ರೇ! ಆಮೇಲೆ "ಚಾವಿ ಎಲ್ಲಿಂದ ಬಂತು ಅಂತ ಗೊತ್ತಾಯ್ತಲ್ಲ, ಇನ್ನು ಅದನ್ನ ಸೊಂಟಕ್ಕೆ ಸಿಕ್ಕಿಸ್ಕೊಂಡವಳ ಬಗ್ಗೆ ಬರೀರಿ" ಅಂದ್ರಿ. ಅಜ್ಜಿಯ ಸೊಂಟದ ತುಕ್ಕು ಹಿಡಿದ ಚಾವಿಗೊಂಚಲು ಅಲ್ಲೇ ಕವನಕ್ಕೆ ಬಂತು. ನಿಮ್ಮಿಂದ ತುಂಬಾ ಉಪಕಾರ ಆಯ್ತು. ಮುಂದಿನ ಕವನ ಪಗಾರದ ಮೇಲೆ, ಅದೂ ಪೋರ್ಚುಗೀಸೇ, ದಯವಿಟ್ಟು ಓದ್ಲಿಕ್ಕೆ ಸಿಗಿ.